ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳಿಗೆ ತಕ್ಕ ನೆಲೆ: ಜಿಲ್ಲೆಯ ಲೆಕ್ಕ ಮತ್ತು ಯೋಜನೆ

(ಅಧ್ಯಯನ ಲೇಖನ: ಪಂಚಾಯತ್ ರಾಜ್ ಸಂಸ್ಥೆಗಳ ಚುನಾಯಿತ ಪ್ರತಿನಿಧಿಗಳು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಅಂಗನವಾಡಿ ಮೇಲ್ವಿಚಾರಕಿಯರು ಹಾಗೂ ಮಕ್ಕಳ ರಕ್ಷಣಾ ಸಿಬ್ಬಂದಿಯ ಉಪಯೋಗಕ್ಕಾಗಿ)

ತಂದೆತಾಯಿಯರನ್ನು ಕಳೆದುಕೊಂಡ, ಮನೆಬಿಟ್ಟು ಬಂದ, ದುಡಿಮೆಯಿಂದ ಬಿಡುಗಡೆಗೊಂಡ ಅಥವಾ ಬಾಲ್ಯವಿವಾಹದಿಂದ ಪಾರಾದ ಮಗುವೊಂದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾದಾಗ, ಸಮಿತಿಯು ಅಂದೇ ಉತ್ತರಿಸಬೇಕಾದ ಪ್ರಶ್ನೆಯೊಂದಿದೆ: ಈ ಮಗು ಇಂದು ರಾತ್ರಿ ಎಲ್ಲಿರಬೇಕು? ಕಾನೂನು ಈ ಪ್ರಶ್ನೆಗೆ ಮಗುವಿನ ಹಿತವನ್ನು ನೋಡಿ ಉತ್ತರಿಸಬೇಕೆಂದು ಹೇಳುತ್ತದೆ. ಆದರೆ ಸಮಿತಿಯ ಕೈಯಲ್ಲಿರುವ ಆಯ್ಕೆಗಳೆಷ್ಟು ಎಂಬುದು ಆ ದಿನ ನಿರ್ಧಾರವಾಗುವುದಿಲ್ಲ. ಜಿಲ್ಲೆಯು ಹಿಂದಿನ ವರ್ಷಗಳಲ್ಲಿ ಏನನ್ನು ಸಿದ್ಧಪಡಿಸಿತ್ತು ಎಂಬುದರ ಮೇಲೆ ಅದು ಮೊದಲೇ ನಿರ್ಧಾರವಾಗಿರುತ್ತದೆ. ಇಂತಹ ಸಿದ್ಧತೆಯನ್ನು ಲೆಕ್ಕಹಾಕುವ ಬಗೆಯನ್ನು, ಅದರಲ್ಲಿ ಪಂಚಾಯತ್ ಸಂಸ್ಥೆಗಳ ಪಾತ್ರವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಕಾನೂನಿನ ಚೌಕಟ್ಟು

ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015 ಈ ವಿಷಯದ ಮೂಲ ಕಾನೂನು. ಇದು 2016ರ ಜನವರಿ 15ರಿಂದ ಜಾರಿಯಲ್ಲಿದೆ. 2021ರಲ್ಲಿ ಆದ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದು, ಜಿಲ್ಲಾ ದಂಡಾಧಿಕಾರಿಗಳ ಮೇಲ್ವಿಚಾರಣೆಯ ಹೊಣೆಯನ್ನು ಹೆಚ್ಚಿಸಿತು. ನಮ್ಮ ವಿಷಯಕ್ಕೆ ಮುಖ್ಯವಾದ ಅಂಶಗಳು ಇವು:

ಅ) ಪಾಲನೆಯ ಅಗತ್ಯವಿರುವ ಮಗುವನ್ನು, ಪ್ರಯಾಣದ ಅವಧಿಯನ್ನು ಹೊರತುಪಡಿಸಿ, 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಈ ಸಮಿತಿಯಲ್ಲಿ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುತ್ತಾರೆ.

ಆ) ಸಾಮಾಜಿಕ ತನಿಖೆಯು 15 ದಿನಗಳಲ್ಲಿ ಮುಗಿಯಬೇಕು, ಮಗು ಮೊದಲು ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ನೀಡುವಂತಿರಬೇಕು.

ಇ) ಅನಾಥ, ಪರಿತ್ಯಕ್ತ ಅಥವಾ ಒಪ್ಪಿಸಲ್ಪಟ್ಟ ಆರು ವರ್ಷದೊಳಗಿನ ಮಕ್ಕಳನ್ನು, ಲಭ್ಯವಿರುವೆಡೆ, ವಿಶೇಷ ದತ್ತು ಸಂಸ್ಥೆಯಲ್ಲಿ ಇರಿಸಬೇಕು.

ಈ) ಮಕ್ಕಳನ್ನು ಇರಿಸಿಕೊಳ್ಳುವ ಪ್ರತಿಯೊಂದು ಸಂಸ್ಥೆಯೂ, ಅದು ಸರ್ಕಾರದ್ದಿರಲಿ, ಖಾಸಗಿಯದ್ದಿರಲಿ, ಕಾಯ್ದೆಯ 41ನೇ ಕಲಮಿನ ಅಡಿ ನೋಂದಣಿಯಾಗಿರಬೇಕು.

ಉ) ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯ. ಇದು ಕಾಯ್ದೆಯ 3ನೇ ಕಲಮಿನ ಮೂಲತತ್ತ್ವಗಳಲ್ಲಿ ಒಂದು.

ಕೊನೆಯ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಸಂಸ್ಥೆ ಕೊನೆಯ ಉಪಾಯವಾಗಬೇಕಾದರೆ ಅದಕ್ಕಿಂತ ಮೊದಲಿನ ಉಪಾಯಗಳು ಜಿಲ್ಲೆಯಲ್ಲಿ ನಿಜವಾಗಿಯೂ ಇರಬೇಕು. ಸಾಕು ಕುಟುಂಬವಾಗಲಿ, ಬಂಧುಗಳಿಗೆ ನೆರವಾಗಲಿ, ಪ್ರಾಯೋಜಕತ್ವವಾಗಲಿ ಲಭ್ಯವಿಲ್ಲದ ಜಿಲ್ಲೆಯಲ್ಲಿ ಕಾನೂನಿನ ಕೊನೆಯ ಉಪಾಯವೇ ಮೊದಲ ಉಪಾಯವಾಗಿಬಿಡುತ್ತದೆ.

2. ಹಾಸಿಗೆಗಳ ಸಂಖ್ಯೆ ಮತ್ತು ತಕ್ಕ ಸ್ಥಳ

"ಜಿಲ್ಲೆಯ ಬಾಲಮಂದಿರಗಳಲ್ಲಿ ಇಷ್ಟು ಮಂಜೂರಾದ ಸ್ಥಾನಗಳಿವೆ, ಇಷ್ಟು ಮಕ್ಕಳಿದ್ದಾರೆ, ಆದ್ದರಿಂದ ಕೊರತೆಯಿಲ್ಲ" ಎಂಬ ವರದಿಯನ್ನು ಸಭೆಗಳಲ್ಲಿ ಕೇಳುತ್ತೇವೆ. ಈ ಲೆಕ್ಕದಲ್ಲಿರುವ ದೋಷವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು.

ಒಂದು ಜಿಲ್ಲೆಯಲ್ಲಿ ಬಾಲಕರಿಗೆ 25, ಬಾಲಕಿಯರಿಗೆ 10, ಒಟ್ಟು 35 ಸ್ಥಾನಗಳಿವೆ ಎಂದುಕೊಳ್ಳೋಣ. ಒಂದು ದಿನ ಸಂಸ್ಥೆಯಲ್ಲಿರಬೇಕಾದ ಮಕ್ಕಳು 30. ಕಾಗದದ ಮೇಲೆ ಐದು ಸ್ಥಾನಗಳು ಹೆಚ್ಚುವರಿಯಾಗಿವೆ. ಆದರೆ ಆ 30 ಮಕ್ಕಳಲ್ಲಿ ಬಾಲಕರು 13, ಬಾಲಕಿಯರು 17 ಎಂದಾದರೆ, ಬಾಲಕರ ಮಂದಿರದಲ್ಲಿ 12 ಹಾಸಿಗೆಗಳು ಖಾಲಿ ಉಳಿಯುತ್ತವೆ. ಏಳು ಬಾಲಕಿಯರಿಗೆ ಸ್ಥಳವೇ ಇರುವುದಿಲ್ಲ. ಹೆಚ್ಚುವರಿ ಮತ್ತು ಕೊರತೆ ಎರಡೂ ಒಂದೇ ದಿನ, ಒಂದೇ ಜಿಲ್ಲೆಯಲ್ಲಿ ಇವೆ.

ಆ ಏಳು ಬಾಲಕಿಯರ ವಿಷಯದಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ನಡೆಯುತ್ತದೆ. ಮೊದಲನೆಯದು, ಅದೇ ಕೊಠಡಿಯಲ್ಲಿ ಹೆಚ್ಚು ಮಂದಿಯನ್ನು ಮಲಗಿಸುವುದು. ಎರಡನೆಯದು, ಬೇರೆ ಜಿಲ್ಲೆಗೆ ಕಳುಹಿಸುವುದು. ಆಗ ಶಾಲೆ ತಪ್ಪುತ್ತದೆ, ಬಂಧುಗಳ ಭೇಟಿ ನಿಲ್ಲುತ್ತದೆ, ತನಿಖೆ ನಿಧಾನವಾಗುತ್ತದೆ. ಮೂರನೆಯದು, ತನಿಖೆ ಪೂರ್ಣವಾಗುವ ಮುನ್ನವೇ ಮನೆಗೆ ಕಳುಹಿಸುವುದು. ಈ ಮೂರನೆಯದು ಯಾವ ವರದಿಯಲ್ಲಿಯೂ ಕೊರತೆಯೆಂದು ದಾಖಲಾಗುವುದಿಲ್ಲ. ಮದುವೆ ನಿಂತುಹೋದ ಮನೆಗೇ, ಮದುವೆ ನಿಲ್ಲಿಸಿದ್ದಕ್ಕೆ ಸಿಟ್ಟಾಗಿರುವ ಹಿರಿಯರ ಕೈಗೇ ಬಾಲಕಿ ಮರಳುತ್ತಾಳೆ. ವರದಿಯಲ್ಲಿ ಮಾತ್ರ "ಕುಟುಂಬಕ್ಕೆ ಒಪ್ಪಿಸಲಾಗಿದೆ" ಎಂದಿರುತ್ತದೆ.

ಲಿಂಗದಂತೆಯೇ ವಯಸ್ಸು, ಅಂಗವೈಕಲ್ಯ, ಆರೋಗ್ಯ, ಮಾತೃಭಾಷೆ, ಒಡಹುಟ್ಟಿದವರು ಜೊತೆಯಲ್ಲಿರುವುದು, ಓದುತ್ತಿದ್ದ ಶಾಲೆಯ ದೂರ ಇವೆಲ್ಲವೂ ಸ್ಥಳ "ತಕ್ಕದ್ದೇ" ಎಂಬುದನ್ನು ನಿರ್ಧರಿಸುತ್ತವೆ. ಹತ್ತು ವರ್ಷದ ಅಕ್ಕನೂ ನಾಲ್ಕು ವರ್ಷದ ತಮ್ಮನೂ ಒಟ್ಟಿಗೆ ಬಂದಾಗ, ಇಬ್ಬರಿಗೂ ಪ್ರತ್ಯೇಕವಾಗಿ ಎರಡು ಕಡೆ ಸ್ಥಾನವಿದೆ ಎಂಬುದು ಅರ್ಧ ಉತ್ತರ. ಒಡಹುಟ್ಟಿದವರನ್ನು ಸಾಧ್ಯವಾದಷ್ಟೂ ಒಟ್ಟಿಗೆ ಇರಿಸಬೇಕೆಂದು ಕಾಯ್ದೆಯು ಸಾಕು ಕುಟುಂಬಗಳ ವಿಷಯದಲ್ಲಿ ಸ್ಪಷ್ಟವಾಗಿ ಹೇಳಿದೆ. ಯೋಜನೆಯೂ ಅದೇ ತತ್ತ್ವವನ್ನು ಅನುಸರಿಸಬೇಕು.

ಕಟ್ಟಡದ ಮಟ್ಟಿಗೂ ನಿಯಮಗಳು ಅಳತೆ ಕೊಟ್ಟಿವೆ. 2016ರ ಮಾದರಿ ನಿಯಮಗಳ ಪ್ರಕಾರ ಏಳು ಮಕ್ಕಳಿಗೆ ಕನಿಷ್ಠ ಒಂದು ಶೌಚಾಲಯ, ಹತ್ತು ಮಕ್ಕಳಿಗೆ ಕನಿಷ್ಠ ಒಂದು ಸ್ನಾನಗೃಹ ಇರಬೇಕು. ಆದ್ದರಿಂದ ಮೂರು ಶೌಚಾಲಯಗಳಿರುವ ಮಂದಿರದಲ್ಲಿ 30 ಹಾಸಿಗೆ ಹಾಕಿದರೂ, ಈ ಅಳತೆಯಂತೆ ಅದರ ಸಾಮರ್ಥ್ಯ 21 ಮಾತ್ರ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ಈ ಸಂಖ್ಯೆಯನ್ನೇ.

3. ವಾಸದ ಅವಧಿ: ಮರೆತುಹೋಗುವ ಅಂಕಿ

ಎಷ್ಟು ಸ್ಥಾನಗಳು ಬೇಕು ಎಂಬುದು ವರ್ಷಕ್ಕೆ ಎಷ್ಟು ಮಕ್ಕಳು ಬರುತ್ತಾರೆ ಎಂಬುದರಿಂದ ಮಾತ್ರ ತಿಳಿಯುವುದಿಲ್ಲ. ಪ್ರತಿ ಮಗುವೂ ಎಷ್ಟು ಕಾಲ ಇರುತ್ತದೆ ಎಂಬುದು ಅಷ್ಟೇ ಮುಖ್ಯ. ಲೆಕ್ಕ ಸರಳವಾಗಿದೆ:

ಸರಾಸರಿ ಬೇಕಾಗುವ ಸ್ಥಾನಗಳು = ವರ್ಷದಲ್ಲಿ ದಾಖಲಾಗುವ ಮಕ್ಕಳು × ಸರಾಸರಿ ವಾಸದ ತಿಂಗಳುಗಳು ÷ 12

ವರ್ಷಕ್ಕೆ 90 ಮಕ್ಕಳು ಬಂದು, ಸರಾಸರಿ ನಾಲ್ಕು ತಿಂಗಳು ಇದ್ದರೆ, ಬೇಕಾಗುವ ಸ್ಥಾನಗಳು 30. ಅದೇ 90 ಮಕ್ಕಳು ಸರಾಸರಿ ಹತ್ತು ತಿಂಗಳು ಉಳಿದರೆ 75 ಸ್ಥಾನಗಳು ಬೇಕು. ಬರುವ ಮಕ್ಕಳ ಸಂಖ್ಯೆ ಒಂದೂ ಹೆಚ್ಚಲಿಲ್ಲ. ಆದರೂ ಜಿಲ್ಲೆಗೆ ಹೊಸದಾಗಿ 45 ಸ್ಥಾನಗಳ ಅಗತ್ಯ ಉಂಟಾಯಿತು.

ಅವಧಿ ಏಕೆ ಬೆಳೆಯುತ್ತದೆ? ಸಾಮಾಜಿಕ ತನಿಖಾ ವರದಿ ತಡವಾಗುವುದು, ಮಗುವಿನ ಊರು ಬೇರೆ ಜಿಲ್ಲೆಯಲ್ಲೋ ಬೇರೆ ರಾಜ್ಯದಲ್ಲೋ ಇದ್ದು ಅಲ್ಲಿಂದ ಮನೆಯ ವಿಚಾರಣಾ ವರದಿ ಬಾರದಿರುವುದು, ದತ್ತು ನೀಡಲು ಕಾನೂನುಬದ್ಧವಾಗಿ ಮುಕ್ತವೆಂದು ಘೋಷಿಸುವಲ್ಲಿನ ವಿಳಂಬ, ವಯಸ್ಸಿನ ದಾಖಲೆ ಸಿಗದಿರುವುದು ಇವೆಲ್ಲವೂ ಕಾರಣಗಳು. ಇವುಗಳಲ್ಲಿ ಹಲವು ಗ್ರಾಮ ಪಂಚಾಯಿತಿಯ ಕೈಯಲ್ಲಿವೆ. ಜನನ ನೋಂದಣಿಯ ವಿವರ, ಮನೆಯ ಸ್ಥಿತಿಗತಿ, ಮಗುವನ್ನು ನೋಡಿಕೊಳ್ಳಬಲ್ಲ ಅಜ್ಜಿ, ಸೋದರಮಾವ ಅಥವಾ ದೊಡ್ಡಮ್ಮನ ಮಾಹಿತಿ ಪಂಚಾಯಿತಿಯಿಂದ ಒಂದು ವಾರದಲ್ಲಿ ದೊರೆತರೆ ತನಿಖೆ 15 ದಿನಗಳಲ್ಲಿ ಮುಗಿಯುವುದು ಸಾಧ್ಯ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಅವಧಿಯನ್ನು ತಗ್ಗಿಸುವುದೇ ಗುರಿಯಾದರೆ ಮಕ್ಕಳನ್ನು ಅವಸರದಿಂದ ಮನೆಗೆ ಕಳುಹಿಸುವ ಅಪಾಯವಿದೆ. ಆದ್ದರಿಂದ ಕುಟುಂಬಕ್ಕೆ ಮರಳಿದ ಮಕ್ಕಳಲ್ಲಿ ಎಷ್ಟು ಮಂದಿ ಮತ್ತೆ ಸಮಿತಿಯ ಮುಂದೆ ಬಂದರು ಎಂಬ ಅಂಕಿಯನ್ನು ಅವಧಿಯ ಅಂಕಿಯ ಪಕ್ಕದಲ್ಲೇ ಇಟ್ಟು ನೋಡಬೇಕು.

4. ಸರಾಸರಿಯೂ ಸಾಲದು: ಋತುಮಾನದ ಏರಿಳಿತ

ವರ್ಷವಿಡೀ ಮಕ್ಕಳು ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ಬಸವ ಜಯಂತಿ ಮತ್ತು ಅಕ್ಷಯ ತೃತೀಯ ಒಂದೇ ದಿನ ಬರುವ ವೈಶಾಖದ ಮದುವೆಯ ಕಾಲ ಶಾಲೆಗಳಿಗೂ ರಜೆಯ ಕಾಲ. ಬಾಲ್ಯವಿವಾಹದ ಸನ್ನಿಹಿತ ಅಪಾಯದಲ್ಲಿರುವ ಮಗುವೂ ಕಾಯ್ದೆಯ ವ್ಯಾಖ್ಯೆಯಂತೆ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವೇ. ಆದ್ದರಿಂದ ಏಪ್ರಿಲ್ ಮತ್ತು ಮೇ ತಿಂಗಳುಗಳಿಗೆ ಬಾಲಕಿಯರ ಸ್ಥಾನಗಳನ್ನು ಮುಂಚಿತವಾಗಿ ಕಾಯ್ದಿರಿಸುವುದು ವಿವೇಕದ ಕ್ರಮ. ಮದುವೆ ತಡೆಯಲು ಸಿಬ್ಬಂದಿಯನ್ನು ಸಜ್ಜುಗೊಳಿಸಿ, ತಡೆದ ಮೇಲೆ ಆ ಬಾಲಕಿ ಇರಬೇಕಾದ ಸ್ಥಳವನ್ನು ಸಜ್ಜುಗೊಳಿಸದಿದ್ದರೆ ಕೆಲಸ ಅರ್ಧಕ್ಕೆ ನಿಂತಂತೆ.

ಹಾಗೆಯೇ ಕಬ್ಬು ಕಟಾವಿಗೆ, ಇಟ್ಟಿಗೆ ಭಟ್ಟಿಗೆ, ಕಟ್ಟಡದ ಕೆಲಸಕ್ಕೆ ಕುಟುಂಬಗಳು ಗುಳೆ ಹೋಗುವ ತಾಲ್ಲೂಕುಗಳಲ್ಲಿ ಸುಗ್ಗಿಯ ನಂತರ ಹಿರಿಯರಿಲ್ಲದ ಮನೆಗಳಲ್ಲಿ ಮಕ್ಕಳು ಉಳಿಯುತ್ತಾರೆ, ಅಥವಾ ಶಾಲೆ ಬಿಟ್ಟು ಜೊತೆಯಲ್ಲಿ ಹೋಗುತ್ತಾರೆ. ಇವರಿಗೆ ಬೇಕಾದುದು ಬಾಲಮಂದಿರವಲ್ಲ. ಊರಲ್ಲೇ ಕೆಲವು ತಿಂಗಳ ಮಟ್ಟಿಗೆ ಊಟ, ವಸತಿ, ಮೇಲ್ವಿಚಾರಣೆ ಒದಗಿಸುವ ಋತುಮಾನ ವಸತಿ ವ್ಯವಸ್ಥೆ. ಗುಳೆ ಆರಂಭವಾಗುವ ತಿಂಗಳು ಪ್ರತಿ ಪಂಚಾಯಿತಿಗೂ ಗೊತ್ತಿರುತ್ತದೆ. ಅದು ಯೋಜನೆಯ ಕಾಗದದಲ್ಲಿ ಬರಬೇಕು.

ಅನಿರೀಕ್ಷಿತ ಸಂದರ್ಭಗಳೂ ಇವೆ. ಕೋವಿಡ್ ಕಾಲದಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗಾಗಿ ರಾಜ್ಯ ಸರ್ಕಾರವು 2021ರಲ್ಲಿ ಮುಖ್ಯಮಂತ್ರಿ ಬಾಲಸೇವಾ ಯೋಜನೆಯನ್ನು ಪ್ರಕಟಿಸಿ, ಪಾಲಕರ ಮೂಲಕ ತಿಂಗಳಿಗೆ 3,500 ರೂ. ನೆರವು ನೀಡಲು ಕ್ರಮ ಕೈಗೊಂಡಿತು. ಮಗುವನ್ನು ಬಂಧುಗಳ ಮನೆಯಲ್ಲೇ ಉಳಿಸಿ, ಆ ಮನೆಗೆ ಆಸರೆ ನೀಡುವುದು ತುರ್ತು ಸಂದರ್ಭದಲ್ಲಿಯೂ ಸಾಧ್ಯವೆಂಬುದಕ್ಕೆ ಇದು ನಿದರ್ಶನ.

5. ಸಂಸ್ಥೆಗಿಂತ ಮೊದಲು ಕುಟುಂಬ

ಜಿಲ್ಲೆಯ ಸಾಮರ್ಥ್ಯವೆಂದರೆ ಕಟ್ಟಡಗಳ ಸಾಮರ್ಥ್ಯ ಮಾತ್ರವಲ್ಲ. ಈ ಕೆಳಗಿನವುಗಳನ್ನೂ "ಸ್ಥಾನ"ಗಳೆಂದೇ ಎಣಿಸಬೇಕು.

ಪ್ರಾಯೋಜಕತ್ವ: ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಂತೆ, ಅರ್ಹ ಮಗು ತನ್ನ ಕುಟುಂಬದಲ್ಲೇ ಉಳಿಯಲು ತಿಂಗಳಿಗೆ 4,000 ರೂ. ನೆರವು ಇದೆ, ವರ್ಷಕ್ಕೆ 48,000 ರೂ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000 ರೂ., ಇತರೆಡೆ 96,000 ರೂ. ಮೀರಿರಬಾರದು. ಪತಿಯನ್ನು ಕಳೆದುಕೊಂಡು ಕೂಲಿಯಿಂದ ಮೂರು ಮಕ್ಕಳನ್ನು ಸಾಕುವ ತಾಯಿಗೆ ಈ ನೆರವು ಸಕಾಲಕ್ಕೆ ತಲುಪಿದರೆ, ಬಡತನದ ಕಾರಣಕ್ಕಾಗಿ ಆಕೆ ಮಕ್ಕಳನ್ನು ಸಂಸ್ಥೆಗೆ ಸೇರಿಸುವ ಸಂದರ್ಭ ತಪ್ಪುತ್ತದೆ.

ಪೋಷಕತ್ವ: ಆರು ವರ್ಷ ಮೇಲ್ಪಟ್ಟ ಮಗುವನ್ನು ರಕ್ತಸಂಬಂಧವಿಲ್ಲದ ಸಾಕು ಕುಟುಂಬವೊಂದು ನಿಗದಿತ ಕಾಲ ನೋಡಿಕೊಳ್ಳುವ ವ್ಯವಸ್ಥೆ ಇದು. 2024ರ ಪರಿಷ್ಕೃತ ಮಾದರಿ ಮಾರ್ಗಸೂಚಿಯಂತೆ ಒಂಟಿ ವ್ಯಕ್ತಿಗಳೂ ಅರ್ಜಿ ಸಲ್ಲಿಸಬಹುದು. ಎರಡು ವರ್ಷ ಸಾಕಿದ ಕುಟುಂಬವು ದತ್ತು ಪಡೆಯಲು ಮುಂದಾಗಬಹುದು. ಮೊದಲು ಈ ಅವಧಿ ಐದು ವರ್ಷವಿತ್ತು. ಸಾಕು ಕುಟುಂಬಗಳು ಬೇಕಾದ ದಿನ ಹುಡುಕಿದರೆ ಸಿಗುವುದಿಲ್ಲ. ಅರ್ಜಿ, ಗೃಹ ಅಧ್ಯಯನ, ಪರಿಶೀಲನೆ, ತರಬೇತಿ ಇವೆಲ್ಲ ಮೊದಲೇ ಮುಗಿದಿರಬೇಕು.

ಯೋಗ್ಯ ವ್ಯಕ್ತಿ ಮತ್ತು ಯೋಗ್ಯ ಸೌಲಭ್ಯ: ಅಲ್ಪಾವಧಿಗೆ ಮಗುವನ್ನು ನೋಡಿಕೊಳ್ಳಬಲ್ಲವರನ್ನು ಕಾಯ್ದೆಯ 51 ಮತ್ತು 52ನೇ ಕಲಮುಗಳಂತೆ ಮಾನ್ಯ ಮಾಡಬಹುದು. ಜಿಲ್ಲಾ ಕೇಂದ್ರದಿಂದ ದೂರವಿರುವ ತಾಲ್ಲೂಕುಗಳಿಗೆ ಇದು ಬಹಳ ಉಪಯುಕ್ತ.

6. ವಸತಿ ನಿಲಯವೂ ಪಾಲನಾ ಸಂಸ್ಥೆಯೂ ಬೇರೆ

ಪಾಲನಾ ಸಂಸ್ಥೆಗಳಲ್ಲಿರುವ ಮಕ್ಕಳ ಕಡತಗಳನ್ನು ಪರಿಶೀಲಿಸುವಾಗ, ಊರಲ್ಲಿ ಪ್ರೌಢಶಾಲೆ ಇಲ್ಲದ ಅಥವಾ ಬಸ್ಸಿನ ಅನುಕೂಲವಿಲ್ಲದ ಕಾರಣಕ್ಕಾಗಿಯೇ ಬಂದ ಮಕ್ಕಳು ಎಷ್ಟಿದ್ದಾರೆ ಎಂಬುದನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಇವರಿಗೆ ಮನೆಯಿದೆ, ಪ್ರೀತಿಸುವ ತಂದೆತಾಯಿಯರಿದ್ದಾರೆ. ಇವರಿಗೆ ಬೇಕಾದುದು ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿ ನಿಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಅಥವಾ ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ ಒಂದು ಸ್ಥಾನ. ಇವರು ಪಾಲನಾ ಸಂಸ್ಥೆಯಲ್ಲಿರುವಷ್ಟು ಕಾಲ, ಹೋಗಲು ಬೇರೆ ಮನೆಯೇ ಇಲ್ಲದ ಮಗುವಿಗೆ ಆ ಸ್ಥಾನ ಸಿಗುವುದಿಲ್ಲ.

ಇದರ ವಿರುದ್ಧ ದಿಕ್ಕಿನ ದೋಷವೂ ಇದೆ. ಮನೆಯಲ್ಲಿ ದೌರ್ಜನ್ಯಕ್ಕೊಳಗಾದ ಮಗುವನ್ನು ವಿದ್ಯಾರ್ಥಿ ನಿಲಯಕ್ಕೆ ಸೇರಿಸಿ ಕೈತೊಳೆದುಕೊಳ್ಳುವಂತಿಲ್ಲ. ನಿಲಯಕ್ಕೆ ದಸರಾ ಮತ್ತು ಬೇಸಿಗೆ ರಜೆ ಇರುತ್ತದೆ. ರಜೆಯಲ್ಲಿ ಆ ಮಗು ಹೋಗಬೇಕಾದುದು ಅದೇ ಮನೆಗೆ.

7. ಯಾವ ವ್ಯವಸ್ಥೆ ಯಾವ ಮಟ್ಟದಲ್ಲಿ?

ಎಲ್ಲ ಬಗೆಯ ಸೇವೆಯೂ ಎಲ್ಲ ಕಡೆ ಇರಲು ಸಾಧ್ಯವಿಲ್ಲ. ಉತ್ತರ ಕನ್ನಡದಂತಹ ಜಿಲ್ಲೆಯಲ್ಲಿ ಕಾರವಾರ ಕಡಲತೀರದಲ್ಲಿದ್ದರೆ ಮುಂಡಗೋಡ ಘಟ್ಟದ ಮೇಲಿದೆ. ಜಿಲ್ಲಾ ಕೇಂದ್ರದಲ್ಲಿ ಮಾತ್ರ ಸೌಲಭ್ಯವಿದ್ದರೆ, ಕಾಗದದ ಮೇಲೆ ಮಗು ಸ್ವಂತ ಜಿಲ್ಲೆಯಲ್ಲಿಯೇ ಇದ್ದರೂ ಮನೆಯವರಿಗೆ ಅದು ದೂರದ ಊರೇ. ಆದ್ದರಿಂದ ಸೇವೆಗಳನ್ನು ನಾಲ್ಕು ಹಂತಗಳಲ್ಲಿ ಹಂಚಿಕೊಂಡು ನೋಡುವುದು ಅನುಕೂಲ.

ಗ್ರಾಮ ಪಂಚಾಯಿತಿ ಮಟ್ಟ: ಅಪಾಯದಲ್ಲಿರುವ ಕುಟುಂಬಗಳನ್ನು ಗುರುತಿಸುವುದು, ಪ್ರಾಯೋಜಕತ್ವದ ಅರ್ಜಿ, ಕೂಸಿನ ಮನೆ ಮತ್ತು ಅಂಗನವಾಡಿಯ ಮೂಲಕ ಹಗಲು ಹೊತ್ತಿನ ಆಸರೆ, ಮನೆಗೆ ಮರಳಿದ ಮಕ್ಕಳ ಕ್ಷೇಮ ವಿಚಾರಣೆ.

ತಾಲ್ಲೂಕು ಮಟ್ಟ: ಯೋಗ್ಯ ವ್ಯಕ್ತಿಗಳು, ಸಾಕು ಕುಟುಂಬಗಳು, ಋತುಮಾನ ವಸತಿ, ತುರ್ತಾಗಿ ಕೆಲವು ರಾತ್ರಿಗಳ ತಂಗುವಿಕೆ.

ಜಿಲ್ಲಾ ಮಟ್ಟ: ಬಾಲಕರ ಮತ್ತು ಬಾಲಕಿಯರ ಬಾಲಮಂದಿರ, ವಿಶೇಷ ದತ್ತು ಸಂಸ್ಥೆ, ತೆರೆದ ತಂಗುದಾಣ, ಆಪ್ತಸಮಾಲೋಚನೆ.

ವಿಭಾಗ ಮಟ್ಟ: ತೀವ್ರ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳು, ಮಾದಕ ವಸ್ತುಗಳ ವ್ಯಸನಕ್ಕೆ ಚಿಕಿತ್ಸೆ ಬೇಕಾದ ಮಕ್ಕಳು ಮುಂತಾದವರಿಗೆ ವಿಶೇಷ ಪಾಲನೆ. ಒಂದು ಜಿಲ್ಲೆಯಲ್ಲಿ ಇಂತಹ ಮಕ್ಕಳ ಸಂಖ್ಯೆ ಕೆಲವೇ ಇರಬಹುದು. ಪ್ರತಿ ಜಿಲ್ಲೆಯೂ ಪ್ರತ್ಯೇಕ ಸಂಸ್ಥೆ ತೆರೆದರೆ ನುರಿತ ಸಿಬ್ಬಂದಿ ಸಿಗುವುದಿಲ್ಲ. ಯಾರೂ ತೆರೆಯದಿದ್ದರೆ ಆ ಮಗುವಿಗೆ ಎಲ್ಲಿಯೂ ಸ್ಥಳವಿರುವುದಿಲ್ಲ. ಉದಾಹರಣೆಗೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳ ಕಲಬುರಗಿ ವಿಭಾಗವನ್ನು ಒಂದು ಘಟಕವಾಗಿ ಪರಿಗಣಿಸಿ, ಯಾವ ವಿಶೇಷ ಸೇವೆ ಯಾವ ಜಿಲ್ಲೆಯಲ್ಲಿ ಇರಬೇಕು, ಮಗುವಿನ ಭೇಟಿಗೆ ಬರುವ ಬಂಧುಗಳ ಪ್ರಯಾಣಕ್ಕೆ ಏನು ಅನುಕೂಲ ಎಂಬುದನ್ನು ಒಟ್ಟಿಗೆ ತೀರ್ಮಾನಿಸಬಹುದು.

8. ಹದಿನೆಂಟು ತುಂಬುವವರು

ಪಾಲನೆಯ ಯೋಜನೆಯಲ್ಲಿ ನಿಖರವಾಗಿ ಮುಂದಾಗಿ ಹೇಳಬಹುದಾದ ಅಂಕಿ ಇದು. ಇಂದು ಸಂಸ್ಥೆಯಲ್ಲಿರುವ 16 ಮತ್ತು 17 ವರ್ಷದವರ ಪಟ್ಟಿ ಮಾಡಿದರೆ ಮುಂದಿನ ಎರಡು ವರ್ಷಗಳಲ್ಲಿ ಯಾರು ಯಾವ ತಿಂಗಳು ಹೊರಬರುತ್ತಾರೆ ಎಂಬುದು ತಿಳಿಯುತ್ತದೆ. ಅನುಪಾಲನೆಯ ನೆರವು 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ 23 ವರ್ಷದವರೆಗೆ ದೊರೆಯಬಹುದು. ಮಿಷನ್ ವಾತ್ಸಲ್ಯದಲ್ಲಿ ಇದಕ್ಕೂ ತಿಂಗಳಿಗೆ 4,000 ರೂ. ನಿಗದಿಯಾಗಿದೆ. ಬಾಡಿಗೆ ಕೋಣೆ, ಕೌಶಲ ತರಬೇತಿ, ಬ್ಯಾಂಕ್ ಖಾತೆ, ಆಧಾರ್, ಪಡಿತರ ಚೀಟಿ, ಮತದಾರರ ಪಟ್ಟಿಗೆ ಸೇರ್ಪಡೆ ಇವೆಲ್ಲ ಹದಿನೆಂಟನೆಯ ಹುಟ್ಟುಹಬ್ಬದ ಮರುದಿನ ಆರಂಭವಾಗುವ ಕೆಲಸಗಳಲ್ಲ. ಸ್ವಂತ ವಿಳಾಸವಿಲ್ಲದ ತರುಣನಿಗೆ ವಿಳಾಸದ ದಾಖಲೆ ಒದಗಿಸುವುದರಲ್ಲಿ ಪಂಚಾಯಿತಿಯ ನೆರವು ನಿರ್ಣಾಯಕ.

9. ವಾರ್ಷಿಕ ಯೋಜನೆ ಸಿದ್ಧಪಡಿಸುವ ಕ್ರಮ

(1) ಮಕ್ಕಳ ಕಲ್ಯಾಣ ಸಮಿತಿಯು ಜಿಲ್ಲಾ ದಂಡಾಧಿಕಾರಿಗಳಿಗೆ ಸಲ್ಲಿಸುವ ತ್ರೈಮಾಸಿಕ ವರದಿಗಳಿಂದ ಹಿಂದಿನ ಮೂರು ವರ್ಷಗಳ ಅಂಕಿಅಂಶ ಪಡೆಯುವುದು: ಬಂದ ಮಕ್ಕಳು, ಕಾರಣ, ವಯಸ್ಸು, ಲಿಂಗ, ತಾಲ್ಲೂಕು, ವಾಸದ ಅವಧಿ.

(2) ಪ್ರತಿ ಗುಂಪಿಗೂ ಸರಾಸರಿ ಸ್ಥಾನಗಳನ್ನು ಲೆಕ್ಕಹಾಕಿ, ಪಕ್ಕದಲ್ಲಿ ಮೂರು ವರ್ಷಗಳಲ್ಲಿ ಅತಿ ಹೆಚ್ಚು ಮಕ್ಕಳಿದ್ದ ದಿನದ ಸಂಖ್ಯೆಯನ್ನೂ ಬರೆಯುವುದು.

(3) ಹೊರಜಿಲ್ಲೆಗೆ ಕಳುಹಿಸಿದ, ಒಡಹುಟ್ಟಿದವರಿಂದ ಬೇರ್ಪಟ್ಟ, ಶಾಲೆ ಬದಲಿಸಬೇಕಾಗಿ ಬಂದ ಪ್ರತಿ ಪ್ರಕರಣವನ್ನೂ ಕಾರಣಸಹಿತ ದಾಖಲಿಸುವುದು. ಜಿಲ್ಲೆಯ ನಿಜವಾದ ಕೊರತೆಯ ಪಟ್ಟಿ ಇದೇ.

(4) ಕಾಯ್ದೆಯ 54ನೇ ಕಲಮಿನಂತೆ ಮೂರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ತಪಾಸಣೆಯ ವರದಿಗಳನ್ನು ನೋಡಿ, ಪ್ರತಿ ಸಂಸ್ಥೆಯ ಬಳಸಬಹುದಾದ ಸಾಮರ್ಥ್ಯವನ್ನು ನಿಗದಿಪಡಿಸುವುದು.

(5) ಕೊರತೆಯನ್ನು ತುಂಬುವಾಗ ಕ್ರಮವನ್ನು ಪಾಲಿಸುವುದು: ಮೊದಲು ಪ್ರಾಯೋಜಕತ್ವ, ಬಳಿಕ ಬಂಧುಗಳ ಹಾಗೂ ಸಾಕು ಕುಟುಂಬದ ಪಾಲನೆ, ನಂತರ ಈಗಿರುವ ಸಂಸ್ಥೆಗಳ ಮರುಹೊಂದಾಣಿಕೆ, ಕೊನೆಗೆ ಹೊಸ ಕಟ್ಟಡ.

(6) ಮಕ್ಕಳ ಮಾತನ್ನು ಕೇಳುವುದು. ಮಕ್ಕಳ ಹಕ್ಕುಗಳ ಗ್ರಾಮಸಭೆಯಲ್ಲಿ ಊರಿನ ಮಕ್ಕಳು ಹೇಳುವ ವಿಷಯಗಳ ಜೊತೆಗೆ, ಸಂಸ್ಥೆಗಳಲ್ಲಿರುವ ಮಕ್ಕಳ ಸಮಿತಿಗಳ ಅಭಿಪ್ರಾಯವನ್ನೂ ಪಡೆಯುವುದು.

ಈ ಎಲ್ಲ ಹಂತಗಳಲ್ಲಿಯೂ ಕಾಯ್ದೆಯ 74ನೇ ಕಲಮನ್ನು ನೆನಪಿಡಬೇಕು. ಮಗುವಿನ ಹೆಸರು, ವಿಳಾಸ, ಶಾಲೆ, ಭಾವಚಿತ್ರ ಮೊದಲಾದ ಗುರುತಿನ ವಿವರಗಳನ್ನು ಮಾಧ್ಯಮಗಳಲ್ಲಿ ಪ್ರಕಟಿಸುವುದನ್ನು ಅದು ನಿಷೇಧಿಸುತ್ತದೆ. ಗ್ರಾಮಸಭೆಯಲ್ಲಿ ಓದುವ ಪಟ್ಟಿಯಲ್ಲಾಗಲಿ, ವಾಟ್ಸ್ಆ್ಯಪ್ ಗುಂಪಿನಲ್ಲಾಗಲಿ ಅವು ಬರಬಾರದು. ಯೋಜನೆಗೆ ಬೇಕಾದುದು ಸಂಖ್ಯೆ. ಹೆಸರು ಸಂಬಂಧಪಟ್ಟ ಕಡತದಲ್ಲಿಯೇ ಇರಲಿ.

10. ಚರ್ಚೆಗಾಗಿ ಪ್ರಶ್ನೆಗಳು

ಗ್ರಾಮ ಮತ್ತು ತಾಲ್ಲೂಕು ಪಂಚಾಯಿತಿಗಳ ಮುಂದಿನ ಸಭೆಯಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸಬಹುದು:

ಅ) ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಪ್ರಾಯೋಜಕತ್ವಕ್ಕೆ ಅರ್ಹವಾಗಿದ್ದೂ ಅರ್ಜಿ ಸಲ್ಲಿಸದ ಕುಟುಂಬಗಳೆಷ್ಟು? ಅಡ್ಡಿಯಾಗಿರುವ ದಾಖಲೆ ಯಾವುದು?

ಆ) ಕಳೆದ ವರ್ಷ ನಮ್ಮೂರಿನಿಂದ ಪಾಲನಾ ಸಂಸ್ಥೆಗೆ ಹೋದ ಮಕ್ಕಳಲ್ಲಿ ಮರಳಿದವರ ಮನೆಗೆ ಯಾರು, ಎಷ್ಟು ಬಾರಿ ಭೇಟಿ ನೀಡಿದ್ದಾರೆ?

ಇ) ಇಂದು ರಾತ್ರಿ ಎಂಟು ಗಂಟೆಗೆ 1098ಕ್ಕೆ ನಮ್ಮ ತಾಲ್ಲೂಕಿನಿಂದ ಒಂದು ಕರೆ ಹೋದರೆ, ನಾಳೆ ಸಮಿತಿಯ ಮುಂದೆ ಹಾಜರಾಗುವವರೆಗೆ ಆ ಮಗು ಯಾರ ಬಳಿ ಸುರಕ್ಷಿತವಾಗಿರುತ್ತದೆ?

ಮೂರನೆಯ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಹೆಸರನ್ನೂ ಒಂದು ಸ್ಥಳವನ್ನೂ ಹೇಳಲು ಸಾಧ್ಯವಾದ ತಾಲ್ಲೂಕಿನಲ್ಲಿ ಯೋಜನೆ ಆರಂಭವಾಗಿದೆ ಎಂದು ತಿಳಿಯಬಹುದು. ಹೇಳಲು ಸಾಧ್ಯವಾಗದ ತಾಲ್ಲೂಕು ಈ ವರ್ಷದ ಯೋಜನೆಯನ್ನು ಅಲ್ಲಿಂದಲೇ ಆರಂಭಿಸಬೇಕು.